ಮುಳುಗುವುದು ಸುಲಭ, ಮೇಲೇಳುವುದೇ ವಿದ್ಯೆ!

ವಿಶಾಖಪಟ್ಟಣದ ರಾಮಕೃಷ್ಣ ಬೀಚಿಗೆ ಹೋದವರು ‘ಐಎನ್‌ಎಸ್ ಕುರ್ಸುರಾ’ವನ್ನು ನೋಡದೆ ಬರುವುದಿಲ್ಲ. ಸೋವಿಯತ್ ಒಕ್ಕೂಟದಲ್ಲಿ ನಿರ್ಮಾಣವಾದ ಈ ಜಲಾಂತರ್ಗಾಮಿ 1969ರಲ್ಲಿ ನಮ್ಮ ನೌಕಾಪಡೆ ಸೇರಿತು. 1971ರ ಯುದ್ಧದಲ್ಲಿ ಗಸ್ತು ತಿರುಗಿತು. 2001ರಲ್ಲಿ ನಿವೃತ್ತಿ ಹೊಂದಿ, ಮರುವರ್ಷದಿಂದ ದಡದ ಮೇಲೆ ವಸ್ತುಸಂಗ್ರಹಾಲಯವಾಗಿ ನಿಂತಿದೆ.

ಇದನ್ನು ನೋಡಿ ಬಂದ ಮಗ ಅಥವಾ ಮಗಳು ‘ನಾನೂ ಒಂದು ಮಾಡುತ್ತೇನೆ’ ಎಂದರೆ? ಶಾಲೆಯ ವಸ್ತುಪ್ರದರ್ಶನಕ್ಕೆ ಥರ್ಮೋಕೋಲ್ ಮಾದರಿ ಒಂದು ಸಂಜೆಯ ಕೆಲಸ. ಆದರೆ ರೇಡಿಯೋ ಸಂಕೇತಕ್ಕೆ ಓಗೊಟ್ಟು ಮುಳುಗಿ, ಮತ್ತೆ ಮೇಲೇಳುವ ಮಾದರಿಗೆ ತಿಂಗಳುಗಟ್ಟಲೆ ತಾಳ್ಮೆ ಬೇಕು.

ಮೊದಲು ಲೆಕ್ಕ. ಕುರ್ಸುರಾದ ಉದ್ದ ಸುಮಾರು 91 ಮೀಟರ್. ನೂರರಲ್ಲಿ ಒಂದು ಪಾಲಿಗೆ ಇಳಿಸಿದರೆ 91 ಸೆಂಟಿಮೀಟರ್. ಹಾಗಾದರೆ ತೂಕವೂ ನೂರರಲ್ಲಿ ಒಂದು ಪಾಲೇ? ಅಲ್ಲ! ಉದ್ದ, ಅಗಲ, ಎತ್ತರ ಮೂರೂ ಕುಗ್ಗುವುದರಿಂದ ತೂಕ ಹತ್ತು ಲಕ್ಷದಲ್ಲಿ ಒಂದು ಪಾಲಾಗುತ್ತದೆ. ತೇಲುವಾಗ ಸುಮಾರು 1,950 ಟನ್ ಇದ್ದ ನೌಕೆಯ ಮಾದರಿ ಎರಡು ಕಿಲೋಗಿಂತ ತುಸು ಕಡಿಮೆ ತೂಗಬೇಕು. ಘನಫಲದ ಪಾಠ ಇಷ್ಟು ಚೆನ್ನಾಗಿ ಇನ್ನೆಲ್ಲಿ ಮನದಟ್ಟಾದೀತು?

ಹೊರಕವಚಕ್ಕೆ ಫೈಬರ್‌ಗ್ಲಾಸ್ ಬಳಸುವುದು ರೂಢಿ. ಮುಂದಿನ ಆರು, ಹಿಂದಿನ ನಾಲ್ಕು ಟಾರ್ಪಿಡೊ ಕೊಳವೆಗಳು, ಮೂರು ಪ್ರೊಪೆಲ್ಲರ್‌ಗಳು ಇವೆಲ್ಲ ಫೋಟೋ ನೋಡಿಕೊಂಡು ಮಾಡಬೇಕಾದ ಕುಸುರಿ ಕೆಲಸ. ಕವಚದೊಳಗೆ ನೀರು ಸಲೀಸಾಗಿ ಹರಿದಾಡಬೇಕು. ಮೋಟಾರು, ಬ್ಯಾಟರಿ, ರೇಡಿಯೋ ಇರುವುದು ಒಳಗಿನ ಕೊಳವೆಯಲ್ಲಿ. ಅದರೊಳಕ್ಕೆ ಮಾತ್ರ ಒಂದು ಹನಿಯೂ ನುಸುಳಕೂಡದು. ಎರಡೂ ತುದಿಯ ಮುಚ್ಚಳಗಳಿಗೆ ರಬ್ಬರ್ ಉಂಗುರಗಳೇ ಕಾವಲು. ಸಿರಿಂಜಿನಂತೆ ನೀರನ್ನು ಒಳಗೆಳೆದು ಹೊರದೂಡುವ ಪುಟ್ಟ ಟ್ಯಾಂಕು ಮಾದರಿಯನ್ನು ಮುಳುಗಿಸುತ್ತದೆ, ಎಬ್ಬಿಸುತ್ತದೆ. ಭಾರವೆಲ್ಲ ತಳದಲ್ಲಿ, ತೇಲಿಸುವ ಫೋಮ್ ಮೇಲ್ಭಾಗದಲ್ಲಿ ಇರಬೇಕು. ಇಲ್ಲದಿದ್ದರೆ ಮಗುಚುವುದು ಖಚಿತ.

ಇನ್ನೊಂದು ತೊಡಕಿದೆ. ಇಂದಿನ ಆಟಿಕೆ ವಿಮಾನಗಳಲ್ಲಿ ಬಳಸುವ 2.4 ಗಿಗಾಹರ್ಟ್ಸ್ ಸಂಕೇತ ನೀರಿನೊಳಗೆ ಬೇಗನೆ ಸೊರಗಿಬಿಡುತ್ತದೆ. ಆದ್ದರಿಂದ ಹವ್ಯಾಸಿಗಳು 27 ಅಥವಾ 40 ಮೆಗಾಹರ್ಟ್ಸ್‌ನಂಥ ಕಡಿಮೆ ಕಂಪನಾಂಕವನ್ನೇ ನೆಚ್ಚುತ್ತಾರೆ. ಉಪ್ಪುನೀರು ವಿದ್ಯುದ್ವಾಹಕವಾದ್ದರಿಂದ ಅಲ್ಲಿ ಅದೂ ನಡೆಯದು. ಸಮುದ್ರದ ನೌಕೆಯ ಮಾದರಿಗೆ ಸಿಹಿನೀರಿನ ಕೊಳವೇ ಗತಿ!

ಇಷ್ಟೆಲ್ಲ ಮಾಡಿಯೂ ಸಂಕೇತ ತಪ್ಪಿತೆನ್ನಿ, ತಿಂಗಳುಗಳ ಶ್ರಮ ಕೆಸರಿನ ಪಾಲು. ಅದಕ್ಕೇ ಅನುಭವಿಗಳು ಎರಡು ಉಪಾಯ ಮಾಡಿರುತ್ತಾರೆ. ಸಂಕೇತ ಕಡಿದರೆ ಟ್ಯಾಂಕಿನ ನೀರು ತಾನಾಗಿ ಹೊರಹೋಗುವ ಏರ್ಪಾಡು ಒಂದು. ಮುಳುಗಿದಾಗಲೂ ಮಾದರಿ ನೀರಿಗಿಂತ ಕೂದಲೆಳೆಯಷ್ಟು ಹಗುರವಾಗಿರುವಂತೆ ತೂಕ ಹೊಂದಿಸುವುದು ಇನ್ನೊಂದು. ಆಗ ಮೋಟಾರು ನಿಂತರೂ ಅದು ನಿಧಾನವಾಗಿ ಮೇಲೆ ಬರುತ್ತದೆ. ಇದನ್ನೆಲ್ಲ ಮೊದಲು ಮನೆಯ ನೀರಿನ ತೊಟ್ಟಿಯಲ್ಲೇ ಪರೀಕ್ಷಿಸಬೇಕು.

ಪಾಲಕರಿಗೊಂದು ಮಾತು. ರೆಸಿನ್ ಕಲಸುವಾಗ ಕಿಟಕಿ ತೆರೆದಿರಲಿ, ಕೈಗೆ ಗವಸಿರಲಿ. ಕೊಳದ ದಡದಲ್ಲಿ ಮಕ್ಕಳ ಜೊತೆ ನೀವೂ ಇರಿ. ಮೊದಲ ಸಲ ನೀರು ಸೋರಿದರೆ ಬೈಯಬೇಡಿ. ಎಲ್ಲಿ ಸೋರಿತೆಂದು ಮಗು ತಾನೇ ಹುಡುಕಲಿ. ಹಾಗೆ ಹುಡುಕಿ ಸರಿಪಡಿಸಿದ ಮಾದರಿ ಕೊಳದ ನಡುವೆ ಮುಳುಗಿ, ಎಲ್ಲರೂ ಉಸಿರು ಬಿಗಿಹಿಡಿದು ನೋಡುತ್ತಿರುವಾಗ ಮತ್ತೆ ತಲೆಯೆತ್ತುವ ಆ ಗಳಿಗೆಗೆ ಯಾವ ಅಂಕಪಟ್ಟಿಯೂ ಸಾಟಿಯಲ್ಲ.