ನಮಾಝ್, ನಿಸ್ಕಾರ ಮತ್ತು ಇರಾನಿನ ನುಡಿ

ನಮ್ಮ ಮನೆಗಳಲ್ಲಿ, ಪಳ್ಳಿಗಳಲ್ಲಿ ಕೇಳಿಬರುವ ಕೆಲವು ಹೆಸರುಗಳ ಊರು ಯಾವುದು ಅಂತ ಒಮ್ಮೆ ಹುಡುಕಿ ನೋಡೋಣ. ಮುಹಿಯುದ್ದೀನ್ ಮಾಲೆ ಬಾಯಿಪಾಠ ಬರುವ ಅಜ್ಜಿಯಂದಿರು ನಮ್ಮಲ್ಲಿ ಇನ್ನೂ ಇದ್ದಾರೆ. ಆ ಮಾಲೆ ಕೊಂಡಾಡುವ ಶೈಖ್ ಅಬ್ದುಲ್ ಖಾದರ್ ಜೀಲಾನಿಯವರ ಹೆಸರಿನಲ್ಲಿರುವ ‘ಜೀಲಾನಿ’ ಎಂದರೆ ಗೀಲಾನ್‌ನವರು ಎಂದರ್ಥ. ಗೀಲಾನ್ ಎಂಬುದು ಕ್ಯಾಸ್ಪಿಯನ್ ಸಮುದ್ರದ ದಂಡೆಯಲ್ಲಿರುವ ಇರಾನಿನ ಪ್ರಾಂತ್ಯ. ದರ್ಸ್‌ಗಳಲ್ಲಿ ಮತ್ತೆ ಮತ್ತೆ ಹೆಸರು ಕೇಳಿಬರುವ ಇಮಾಮ್ ಗಝಾಲಿ ಹುಟ್ಟಿದ್ದು, ಮಣ್ಣಾಗಿದ್ದು ಇರಾನಿನ ತೂಸ್ ಎಂಬಲ್ಲಿ. ಹದೀಸ್ ಸಂಗ್ರಹಕಾರ ಇಮಾಮ್ ಮುಸ್ಲಿಮ್ ನಿಶಾಪುರದವರು, ಇಬ್ನು ಮಾಜ ಖಝ್ವೀನ್‌ನವರು. ಇವರೆಲ್ಲರಿಗಿಂತ ಮೊದಲು, ಮದೀನಾದ ರಕ್ಷಣೆಗೆ ಕಂದಕ ತೋಡಲು ಸಲಹೆ ಕೊಟ್ಟ ಸಹಾಬಿ ಸಲ್ಮಾನುಲ್ ಫಾರಿಸಿ (ರ.ಅ.) ಇದ್ದಾರೆ. ‘ಫಾರಿಸಿ’ ಎಂದರೇ ಪರ್ಶಿಯಾದವರು.

ಇಷ್ಟಿದ್ದೂ ಇರಾನ್ ಅಂದಕೂಡಲೇ ನಮಗೆ ನೆನಪಾಗುವುದು ಟಿವಿಯಲ್ಲಿ ಕಂಡ ಕ್ಷಿಪಣಿ, ನಿರ್ಬಂಧ, ತೈಲದ ಬೆಲೆ. ಸ್ವಲ್ಪ ಹೆಚ್ಚು ತಿಳಿದವರು ‘ಅವರು ಶಿಯಾಗಳಲ್ವಾ’ ಅಂತ ಹೇಳಿ ಮಾತು ಮುಗಿಸುತ್ತಾರೆ. ಈ ವಾರ ಆ ದೇಶದ ಕಿತಾಬು ಮತ್ತು ಸಿನೆಮಾಗಳ ಕಡೆಯಿಂದ ಅದನ್ನು ನೋಡುವ ಪ್ರಯತ್ನ ಮಾಡಿದ್ದೇವೆ. ಅದರಲ್ಲಿ ನಮ್ಮ ಬ್ಯಾರಿ ಮನೆಗಳಿಗೂ ಸಂಬಂಧಪಟ್ಟ ಒಂದು ವಿಷಯವಿದೆ.

ಎರಡು ಶಬ್ದ, ಒಂದು ಬೇರು

ಕುರ್‌ಆನಿನಲ್ಲಿರುವ ಶಬ್ದ ‘ಸ್ವಲಾತ್’. ‘ನಮಾಝ್’ ಅರಬಿ ಶಬ್ದವೇ ಅಲ್ಲ, ಅದು ಫಾರ್ಸಿ. ‘ರೋಝಾ’ ಕೂಡ ಫಾರ್ಸಿಯೇ. ಅದರ ಮೂಲದಲ್ಲಿರುವುದು ದಿನ ಎಂಬ ಅರ್ಥದ ‘ರೋಝ್’. ಇರಾನಿನ ಹೊಸ ವರ್ಷದ ಹಬ್ಬ ‘ನವ್‌ರೋಝ್’ನಲ್ಲಿರುವುದೂ ಇದೇ ಶಬ್ದ, ಹೊಸ ದಿನ ಅಂತ. ಖುದಾ, ಪೈಗಂಬರ್ ಇವೂ ಫಾರ್ಸಿಯಿಂದ ಬಂದವು. ಇರಾನಿಗಳು ಇಸ್ಲಾಮ್ ಸ್ವೀಕರಿಸಿದಾಗ ತಮ್ಮ ಬಾಯಲ್ಲಿ ಮೊದಲೇ ಇದ್ದ ಶಬ್ದಗಳಿಂದಲೇ ಆರಾಧನೆಯನ್ನು ಕರೆದರು. ಆ ಶಬ್ದಗಳು ಉರ್ದುವಿನ ಮೂಲಕ ಇಡೀ ಹಿಂದೂಸ್ಥಾನಕ್ಕೆ ಹರಡಿದವು.

ನಾವು ಮಾಡಿದ್ದೂ ಅದನ್ನೇ. ಬ್ಯಾರಿ ಮನೆಯಲ್ಲಿ ಸ್ವಲಾತ್‌ಗೆ ‘ನಿಸ್ಕಾರ’, ಸೌಮ್‌ಗೆ ‘ನೋಂಬು’, ಮಸ್ಜಿದ್‌ಗೆ ‘ಪಳ್ಳಿ’, ಈದ್‌ಗೆ ‘ಪೆರ್ನಾಲ್’. ನಮಾಝ್ ಎಂಬ ಫಾರ್ಸಿ ಶಬ್ದವೂ ಸಂಸ್ಕೃತದ ‘ನಮಸ್’ ಕೂಡ ಒಂದೇ ಹಳೆಯ ಬೇರಿನಿಂದ ಬಂದವು ಎನ್ನುತ್ತಾರೆ ಭಾಷಾತಜ್ಞರು. ನಮ್ಮ ‘ನಿಸ್ಕಾರ’ ಹುಟ್ಟಿದ್ದು ‘ನಮಸ್ಕಾರ’ದಿಂದ. ಅಂದರೆ ಗೀಲಾನಿನ ರೈತನೂ ಉಳ್ಳಾಲದ ಮೀನುಗಾರನೂ ಗೊತ್ತಿಲ್ಲದೆಯೇ ಒಂದೇ ಬೇರಿನ ಶಬ್ದದಿಂದ ಆರಾಧನೆಯನ್ನು ಕರೆದರು.

ಈಗ ನಮ್ಮ ಎಷ್ಟೋ ಮಕ್ಕಳಿಗೆ ‘ನಿಸ್ಕಾರ’ ಅನ್ನಲು ಒಂಥರಾ ನಾಚಿಕೆ. ‘ನಮಾಝ್’ ಅಂದರೆ ಹೆಚ್ಚು ಇಸ್ಲಾಮಿ, ‘ನಿಸ್ಕಾರ’ ಅಂದರೆ ಹಳ್ಳಿ ಮಾತು ಎಂಬ ಭಾವನೆ ಇದೆ. ಎರಡೂ ಅರಬಿ ಅಲ್ಲ, ಎರಡೂ ಒಂದೊಂದು ಊರಿನ ಮನೆಮಾತು ಎಂಬುದನ್ನು ಅವರಿಗೆ ಯಾರಾದರೂ ಹೇಳಬೇಕಲ್ಲ.

ಉಲಮಾಗಳು ಕೊಟ್ಟ ಅನುಮತಿ

ಇರಾನಿನ ಹಳೆಯ ಸಾಸಾನಿ ಸಾಮ್ರಾಜ್ಯದ ಕೊನೆಯ ದೊರೆ ಮೂರನೇ ಯಝ್ದಗಿರ್ದ್ ಸತ್ತದ್ದು 651ರಲ್ಲಿ. ನಂತರದ ಸುಮಾರು ಎರಡು ಶತಮಾನ ಅಲ್ಲಿ ಆಡಳಿತಕ್ಕೂ ಇಲ್ಮಿಗೂ ಅರಬಿಯೇ ಭಾಷೆ. ಇರಾನಿಗಳು ಅದನ್ನು ದೂರವಿಡಲಿಲ್ಲ, ಅದರಲ್ಲಿ ಪಳಗಿದರು. ಅರಬಿ ವ್ಯಾಕರಣಕ್ಕೆ ಅಡಿಪಾಯ ಹಾಕಿದ ‘ಅಲ್ ಕಿತಾಬ್’ ಬರೆದ ಸೀಬವೈಹಿ ಪರ್ಶಿಯನ್. ನಹ್ವ್ ಕಲಿಯುವ ಪ್ರತಿ ಮುತಅಲ್ಲಿಮ್ ಆ ಪರ್ಶಿಯನ್ನನ ಋಣದಲ್ಲಿದ್ದಾನೆ.

ಈಜಿಪ್ಟ್, ಸಿರಿಯಾಗಳಲ್ಲಿ ಜನರ ಹಳೆಯ ಮಾತು ನಿಧಾನವಾಗಿ ಅರಬಿಗೆ ಜಾಗ ಬಿಟ್ಟುಕೊಟ್ಟಿತು. ಇರಾನಿನಲ್ಲಿ ಹಾಗಾಗಲಿಲ್ಲ. ಅರಬಿ ಲಿಪಿಯಲ್ಲಿ ಇಲ್ಲದ ಪ, ಚ, ಗ ಮುಂತಾದ ನಾಲ್ಕು ಧ್ವನಿಗಳಿಗೆ ಅಕ್ಷರ ಸೇರಿಸಿಕೊಂಡು ಫಾರ್ಸಿಯನ್ನು ಆ ಲಿಪಿಯಲ್ಲೇ ಬರೆದರು. ನಮ್ಮ ಹಿರಿಯರು ಅರಬಿ ಮಲಯಾಳದಲ್ಲಿ ಕಿತಾಬು ಓದಿದ್ದು ನೆನಪಿದ್ದರೆ ಇದು ಹೇಗೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಹತ್ತನೇ ಶತಮಾನದಲ್ಲಿ ಸಾಮಾನಿ ದೊರೆ ಮನ್ಸೂರ್ ಬಿನ್ ನೂಹ್‌ನ ಕೈಗೆ ಇಮಾಮ್ ತಬರಿಯವರ ದೊಡ್ಡ ತಫ್ಸೀರ್ ಬಂತು. ಅರಬಿಯಲ್ಲಿ ಅದನ್ನು ಓದುವುದು ಅವನಿಗೆ ಕಷ್ಟವಾಯಿತು. ಇದನ್ನು ಫಾರ್ಸಿಗೆ ತರುವುದು ಅನುವದನೀಯವೇ ಎಂದು ಉಲಮಾಗಳನ್ನು ಸೇರಿಸಿ ಕೇಳಿದ. ಪ್ರತಿಯೊಬ್ಬ ಪ್ರವಾದಿಯನ್ನೂ ಅವರ ಜನರ ಭಾಷೆಯಲ್ಲೇ ಕಳಿಸಲಾಗಿದೆ ಎಂಬ ಸೂರಾ ಇಬ್ರಾಹೀಮ್‌ನ ನಾಲ್ಕನೇ ಆಯತನ್ನು ಆಧಾರವಾಗಿಟ್ಟು ಅವರು ಒಪ್ಪಿಗೆ ಕೊಟ್ಟರು. ಆ ಅನುವಾದದ ಮುನ್ನುಡಿಯಲ್ಲೇ ಈ ಸಂಗತಿ ದಾಖಲಾಗಿದೆ. ಓದುವ ಕುರ್‌ಆನ್ ಅರಬಿಯಲ್ಲೇ ಉಳಿಯಿತು. ಅದರ ತಿಳಿವಳಿಕೆ ಮನೆಮಾತಿಗೆ ಬಂತು.

ತೂಸ್‌ನ ಇಬ್ಬರು

ಅದೇ ಕಾಲದಲ್ಲಿ ತೂಸ್‌ನಲ್ಲಿ ಫಿರ್ದೌಸಿ ಎಂಬ ಕವಿ ಇರಾನಿನ ಪುರಾತನ ದೊರೆಗಳ ಕಥೆಯನ್ನು ಪದ್ಯ ಮಾಡಲು ಕೂತಿದ್ದರು. ಮೂವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ಸುಮಾರು 50,000 ದ್ವಿಪದಿಗಳ ‘ಶಾಹ್‌ನಾಮ’ ಮುಗಿದದ್ದು 1010ರಲ್ಲಿ. ಮಗನೆಂದು ತಿಳಿಯದೆ ಸೊಹ್ರಾಬ್‌ನನ್ನು ಕೊಲ್ಲುವ ರುಸ್ತುಮನ ಕಥೆ ಇದರದ್ದೇ. ಇಸ್ಲಾಮ್‌ಗೆ ಮುಂಚಿನ ದೊರೆಗಳನ್ನು ಹೊಗಳಿದರು ಎಂಬ ಆಕ್ಷೇಪ ಅವರ ಮೇಲಿತ್ತು. ಅವರ ಮಯ್ಯಿತ್ತನ್ನು ಮುಸ್ಲಿಮರ ಖಬರಸ್ಥಾನದಲ್ಲಿ ದಫನ ಮಾಡಲು ಊರಿನ ಒಬ್ಬ ಧರ್ಮಬೋಧಕ ಬಿಡಲಿಲ್ಲ, ಕೊನೆಗೆ ಅವರದೇ ತೋಟದಲ್ಲಿ ಮಣ್ಣು ಮಾಡಿದರು ಎಂದು ನಿಝಾಮಿ ಅರೂಝಿ ಬರೆದಿದ್ದಾರೆ. ಇಂದು ಅಲ್ಲಿ ದೊಡ್ಡ ಸ್ಮಾರಕವಿದೆ.

ಅದೇ ತೂಸ್‌ನಲ್ಲಿ 1058ರಲ್ಲಿ ಹುಟ್ಟಿದವರು ಇಮಾಮ್ ಗಝಾಲಿ. ನಮ್ಮ ಹಾಗೆಯೇ ಶಾಫಿಈ ಮಝ್‌ಹಬಿನವರು. ‘ಇಹ್ಯಾ’ವನ್ನು ಅವರು ಅರಬಿಯಲ್ಲಿ ಬರೆದರು. ಅದೇ ವಿಚಾರಗಳನ್ನು ಅರಬಿ ಬಾರದ ಜನಸಾಮಾನ್ಯರಿಗಾಗಿ ‘ಕೀಮಿಯಾಯೆ ಸಆದತ್’ ಎಂಬ ಹೆಸರಿನಲ್ಲಿ ಫಾರ್ಸಿಯಲ್ಲಿ ಬರೆದರು. ಹುಜ್ಜತುಲ್ ಇಸ್ಲಾಮ್ ಎಂದು ಲೋಕವೇ ಕರೆದ ಆಲಿಮರಿಗೆ ಮನೆಮಾತಿನಲ್ಲಿ ಬರೆಯುವುದು ಕೀಳೆನಿಸಲಿಲ್ಲ.

ಶೀರಾಝಿನ ಸಅದಿ 1258ರಲ್ಲಿ ‘ಗುಲಿಸ್ತಾನ್’ ಬರೆದರು. ಮಂಗೋಲರು ಬಗ್ದಾದನ್ನು ಸುಟ್ಟ ವರ್ಷವೂ ಅದೇ. ಮುಂದೆ ಹಿಂದೂಸ್ಥಾನದ ಮದ್ರಸಗಳಲ್ಲಿ ಶತಮಾನಗಟ್ಟಲೆ ಮಕ್ಕಳು ಓದಿದ್ದು ಈ ಪುಸ್ತಕವನ್ನೇ. ಅದೇ ಊರಿನ ಹಾಫಿಝ್ (ನಿಧನ 1390) ಕುರ್‌ಆನ್ ಬಾಯಿಪಾಠ ಮಾಡಿದ್ದರಿಂದ ಆ ಹೆಸರು ಪಡೆದವರು. ಅವರ ಗಝಲ್‌ಗಳ ‘ದಿವಾನ್’ ಇರಾನಿನ ಮನೆಮನೆಯಲ್ಲಿದೆ. ವರ್ಷದ ಅತಿ ದೀರ್ಘ ರಾತ್ರಿಯಾದ ಯಲ್ದಾದಂದು ಮನೆಮಂದಿ ಕೂತು, ದಾಳಿಂಬೆ ಕಲ್ಲಂಗಡಿ ತಿಂದು, ಹಾಫಿಝ್ ಓದುತ್ತಾರೆ.

ನಮ್ಮ ರಾಜ್ಯಕ್ಕೂ ಈ ನುಡಿ ಬಂದಿತ್ತು. ಬಹಮನಿ ಸುಲ್ತಾನರು ಹಾಫಿಝರನ್ನು ಗುಲ್ಬರ್ಗಕ್ಕೆ ಕರೆದಿದ್ದರು, ಅವರು ಹಡಗು ಹತ್ತಿ, ಬಿರುಗಾಳಿಗೆ ಹೆದರಿ ಇಳಿದು, ಬದಲಿಗೆ ಒಂದು ಗಝಲ್ ಕಳಿಸಿಕೊಟ್ಟರು ಎಂಬ ಕಥೆಯನ್ನು ಬಿಜಾಪುರದಲ್ಲಿ ಕೂತು ಫಾರ್ಸಿಯಲ್ಲಿ ಇತಿಹಾಸ ಬರೆದ ಫಿರಿಶ್ತಾ ಹೇಳುತ್ತಾರೆ. ಬೀದರ್‌ನಲ್ಲಿ 1472ರಲ್ಲಿ ಮದ್ರಸ ಕಟ್ಟಿಸಿದ ಮಹ್ಮೂದ್ ಗವಾನ್ ಗೀಲಾನಿನವರು. ಸರ್ಕಾರ, ಜಮೀನು, ರುಮಾಲು, ಗುಮಾಸ್ತ, ಬಂದೋಬಸ್ತು ಅಂತ ಕನ್ನಡದಲ್ಲಿ ನಾವು ದಿನಾ ಆಡುವ ಶಬ್ದಗಳು ಫಾರ್ಸಿಯಿಂದ ಬಂದವು.

1501ರ ನಂತರ

ಇಲ್ಲಿವರೆಗೆ ಹೇಳಿದ ಇರಾನಿನಲ್ಲಿ ಹೆಚ್ಚಿನವರು ಸುನ್ನಿಗಳೇ ಆಗಿದ್ದರು ಎಂಬುದು ಹಲವರಿಗೆ ಹೊಸ ಸಂಗತಿ. 1501ರಲ್ಲಿ ತಬ್ರೀಝ್‌ನಲ್ಲಿ ಪಟ್ಟಕ್ಕೇರಿದ ಸಫವಿ ದೊರೆ ಶಾಹ್ ಇಸ್ಮಾಈಲ್ ಹನ್ನೆರಡು ಇಮಾಮರ ಶಿಯಾ ಪಂಥವನ್ನು ರಾಜ್ಯದ ಧರ್ಮವೆಂದು ಸಾರಿದ. ಬಲವಂತವೂ ನಡೆಯಿತು, ಸುನ್ನಿ ಉಲಮಾಗಳು ದೇಶ ಬಿಟ್ಟರು. ಎರಡು ಶತಮಾನಗಳಲ್ಲಿ ಇರಾನಿನ ಚಿತ್ರವೇ ಬದಲಾಯಿತು.

ಅಲ್ಲಿನ ಮುಹರ್ರಮ್ ನಮ್ಮ ಹಾಗಲ್ಲ. ನಾವು ಆಶೂರಾ ನೋಂಬು ಹಿಡಿಯುತ್ತೇವೆ. ಅವರು ಕರ್ಬಲಾವನ್ನು ಶೋಕದ ರಂಗಕ್ಕೆ ತಂದರು. ‘ತಅಝಿಯೆ’ ಎಂಬ ಆ ನಾಟಕದಲ್ಲಿ ಇಮಾಮ್ ಹುಸೈನರ ಕಡೆಯವರು ಹಸಿರು ಉಟ್ಟು ಹಾಡುತ್ತಾರೆ. ಶತ್ರುಪಕ್ಷದವರು ಕೆಂಪು ಉಟ್ಟು ಒರಟಾಗಿ ಮಾತಾಡುತ್ತಾರೆ, ಅವರಿಗೆ ಹಾಡಿಲ್ಲ. 2010ರಲ್ಲಿ ಯುನೆಸ್ಕೊ ಇದನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಅಖೀದ ಬೇರೆ, ಅದರಲ್ಲಿ ಗೊಂದಲವಿಲ್ಲ. ಆದರೂ ಹುಸೈನರ (ರ.ಅ.) ಹೆಸರು ಕೇಳಿ ಮನಸ್ಸು ಭಾರವಾಗದ ಮುಸ್ಲಿಮ್ ಯಾರಿದ್ದಾರೆ?

ಮಸೀದಿಯ ಸಕ್ಕರೆ

1979ರ ಕ್ರಾಂತಿಯ ಹೊತ್ತಿಗೆ ಇರಾನಿನಲ್ಲಿ ಅನೇಕ ಚಿತ್ರಮಂದಿರಗಳು ಸುಟ್ಟುಹೋಗಿದ್ದವು. 1978ರ ಆಗಸ್ಟಿನಲ್ಲಿ ಆಬಾದಾನ್‌ನ ರೆಕ್ಸ್ ಚಿತ್ರಮಂದಿರಕ್ಕೆ ಬೆಂಕಿ ಬಿದ್ದು ನೂರಾರು ಜನ ಸತ್ತರು. ಇನ್ನು ಸಿನೆಮಾ ಮುಗಿಯಿತು ಅಂತ ಎಣಿಸಿದವರೇ ಹೆಚ್ಚು. ಆದರೆ ಆಯತುಲ್ಲಾ ಖುಮೈನಿ ತಾವು ಸಿನೆಮಾದ ವಿರೋಧಿಯಲ್ಲ, ಅದರ ದುರ್ಬಳಕೆಯ ವಿರೋಧಿ ಎಂದರು. ತೆರೆಯ ಮೇಲೆ ಗಂಡು ಹೆಣ್ಣು ಮುಟ್ಟುವ ಹಾಗಿಲ್ಲ, ಹೆಣ್ಣಿನ ತಲೆಯ ಮೇಲೆ ವಸ್ತ್ರ ಇರಲೇಬೇಕು. ಇಂಥ ಕಟ್ಟುಗಳ ನಡುವೆ ಹಲವು ನಿರ್ದೇಶಕರು ಮಕ್ಕಳ ಕಥೆಗಳ ಕಡೆ ತಿರುಗಿದರು.

ಅಬ್ಬಾಸ್ ಕಿಯರೊಸ್ತಮಿಯವರ ‘ಗೆಳೆಯನ ಮನೆ ಎಲ್ಲಿ?’ (1987) ಚಿತ್ರದಲ್ಲಿ ಒಬ್ಬ ಹುಡುಗ ಸಹಪಾಠಿಯ ನೋಟುಬುಕ್ಕನ್ನು ತಪ್ಪಿ ತಂದಿರುತ್ತಾನೆ. ಮರಳಿಸದಿದ್ದರೆ ಗೆಳೆಯನನ್ನು ಶಾಲೆಯಿಂದ ಹೊರಹಾಕುತ್ತಾರೆ. ಹಿರಿಯರು ಯಾರೂ ಕೇಳಿಸಿಕೊಳ್ಳುವುದಿಲ್ಲ, ಹುಡುಗ ಗುಡ್ಡ ಹತ್ತಿ ಪಕ್ಕದ ಊರಿಗೆ ಓಡುತ್ತಾನೆ. ಇಡೀ ಸಿನೆಮಾ ಅಷ್ಟೇ. ಅಮಾನತ್ ಅಂದರೆ ಏನು ಅಂತ ಮಕ್ಕಳಿಗೆ ಹೇಳಲು ಇದಕ್ಕಿಂತ ಸರಳ ಪಾಠ ಸಿಗುವುದು ಕಷ್ಟ.

ಮಜೀದ್ ಮಜೀದಿಯವರ ‘ಚಿಲ್ಡ್ರನ್ ಆಫ್ ಹೆವನ್’ (1997) ಆಸ್ಕರ್‌ಗೆ ನಾಮಕರಣಗೊಂಡ ಮೊದಲ ಇರಾನಿ ಚಿತ್ರ. ತಂಗಿ ಝಹ್ರಾಳ ಚಪ್ಪಲಿ ಕಳಕೊಂಡ ಅಲಿ, ತನ್ನದೊಂದೇ ಜೊತೆ ಬೂಟನ್ನು ಅವಳೊಂದಿಗೆ ಹಂಚಿಕೊಳ್ಳುವ ಕಥೆ. ಅದರಲ್ಲಿ ಬಡ ಅಪ್ಪ ಮಸೀದಿಯ ಚಹಾಕ್ಕಾಗಿ ಸಕ್ಕರೆ ಗಟ್ಟಿಯನ್ನು ತುಂಡು ಮಾಡುತ್ತಾ ಕೂತಿರುತ್ತಾನೆ. ಮಗಳು ಅವನಿಗೆ ಚಹಾ ತರುತ್ತಾಳೆ, ಸಕ್ಕರೆ ತಂದಿರುವುದಿಲ್ಲ. ಎದುರಿಗೇ ರಾಶಿ ಇದೆಯಲ್ಲ ಅಂದರೆ, ಅದು ಮಸೀದಿಯದ್ದು, ನಮ್ಮದಲ್ಲ ಅನ್ನುತ್ತಾನೆ. ಪಳ್ಳಿಯ ಲೆಕ್ಕಪತ್ರ ನೋಡುವ ನಮ್ಮ ಎಲ್ಲ ಜಮಾಅತ್ ಕಮಿಟಿಗಳಿಗೂ ಈ ಒಂದು ದೃಶ್ಯ ತೋರಿಸಬಹುದು.

ಅಸ್ಗರ್ ಫರ್ಹಾದಿಯವರ ‘ಎ ಸೆಪರೇಷನ್’ 2012ರಲ್ಲಿ ಆಸ್ಕರ್ ಗೆದ್ದಿತು. ಅದರಲ್ಲಿ ರಝಿಯಾ ಎಂಬ ಬಡ ಗರ್ಭಿಣಿ ಒಬ್ಬ ಮುದುಕರ ಆರೈಕೆಗೆ ಸೇರುತ್ತಾಳೆ. ಆ ಪರಪುರುಷನ ಬಟ್ಟೆ ಬದಲಿಸಬಹುದೇ ಅಂತ ಫೋನ್ ಮಾಡಿ ಮಸ್‌ಅಲ ಕೇಳುತ್ತಾಳೆ. ಮುಂದೆ ಅವಳ ಗರ್ಭಪಾತವಾಗಿ, ಯಜಮಾನನ ಮೇಲೆ ಕೇಸಾಗಿ, ಪರಿಹಾರದ ಹಣ ಇನ್ನೇನು ಕೈಸೇರಬೇಕು ಅನ್ನುವಾಗ ಆತ ಕುರ್‌ಆನ್ ಮುಟ್ಟಿ ಹೇಳಲು ಕೇಳುತ್ತಾನೆ. ಅವಳಲ್ಲಿ ಸಂಶಯವಿದೆ. ಸಾಲಗಾರರು ಮನೆಯೊಳಗೇ ಕೂತಿದ್ದರೂ ಅವಳ ಕೈ ಕುರ್‌ಆನಿನ ಕಡೆ ಹೋಗುವುದಿಲ್ಲ. ಈಮಾನ್ ಎಂಬುದನ್ನು ಒಂದೂ ಭಾಷಣವಿಲ್ಲದೆ ತೋರಿಸಿದ ದೃಶ್ಯ ಅದು.

ಎಲ್ಲವೂ ಚೆನ್ನಾಗಿದೆ ಎಂದು ನಾವು ಹೇಳುತ್ತಿಲ್ಲ. ಹೊಸ ವರ್ಷದ ಬಂಗಾರದ ಮೀನಿಗಾಗಿ ಹಟ ಹಿಡಿಯುವ ಪುಟ್ಟ ಹುಡುಗಿಯ ಕಥೆ ‘ದಿ ವೈಟ್ ಬಲೂನ್’ (1995) ಮಾಡಿದ ಜಾಫರ್ ಪನಾಹಿಗೆ 2010ರಲ್ಲಿ ಆರು ವರ್ಷ ಜೈಲು, 20 ವರ್ಷ ಸಿನೆಮಾ ಮಾಡಬಾರದೆಂಬ ಶಿಕ್ಷೆ ಬಿತ್ತು. ಅವರು ಮನೆಯೊಳಗೆ, ಟ್ಯಾಕ್ಸಿಯೊಳಗೆ ಕೂತೇ ಚಿತ್ರ ಮಾಡಿದರು. 2025ರಲ್ಲಿ ಕಾನ್‌ನ ಅತ್ಯುನ್ನತ ಪ್ರಶಸ್ತಿ ಅವರಿಗೆ ಸಿಕ್ಕಿತು. ಫಿರ್ದೌಸಿಯ ಮಯ್ಯಿತ್ತಿಗೆ ಜಾಗ ಕೊಡದಂಥವರು ಎಲ್ಲ ಕಾಲದಲ್ಲೂ ಇರುತ್ತಾರೆ. ಕವಿತೆ ಅವರ ಅಪ್ಪಣೆಗೆ ಕಾಯಲಿಲ್ಲ.

ನಮ್ಮ ಪಾಲಿನ ಕೆಲಸ

ಫಾರ್ಸಿಗೆ ದೊರೆಗಳಿದ್ದರು, ದರ್ಬಾರುಗಳಿದ್ದವು. ಬ್ಯಾರಿಗೆ ಅದ್ಯಾವುದೂ ಇರಲಿಲ್ಲ. ಮನೆ, ಅಂಗಡಿ, ಬಂದರು ಇಷ್ಟರಲ್ಲೇ ಅದು ಬದುಕಿತು. ಹಾಗಿದ್ದೂ 2007ರಲ್ಲಿ ರಾಜ್ಯ ಸರ್ಕಾರ ಬ್ಯಾರಿ ಸಾಹಿತ್ಯ ಅಕಾಡೆಮಿ ಸ್ಥಾಪಿಸಿತು. ಬ್ಯಾರಿ ಭಾಷೆಯ ಮೊದಲ ಚಿತ್ರ ‘ಬ್ಯಾರಿ’ 2011ನೇ ಸಾಲಿನ ಅತ್ಯುತ್ತಮ ಚಿತ್ರಕ್ಕಿರುವ ರಾಷ್ಟ್ರಪ್ರಶಸ್ತಿಯನ್ನು ಮರಾಠಿಯ ‘ದೇವೂಳ್’ ಜೊತೆ ಹಂಚಿಕೊಂಡಿತು. ಆದರೆ ಅಕಾಡೆಮಿ, ಪ್ರಶಸ್ತಿಗಳಿಂದ ಭಾಷೆ ಉಳಿಯುವುದಿಲ್ಲ. ಅದು ಊಟದ ಹೊತ್ತಿನ ಮಾತಿನಲ್ಲಿ ಉಳಿಯಬೇಕು. ಇಂಗ್ಲಿಷ್ ಮೀಡಿಯಂ ಶಾಲೆಗೆ ಹೋಗುವ ಮಕ್ಕಳ ಹತ್ತಿರ ಮನೆಯಲ್ಲೂ ಕನ್ನಡ, ಉರ್ದು, ಇಂಗ್ಲಿಷ್ ಆಡುವ ಉಮ್ಮಂದಿರು ಈಗ ಎಷ್ಟು ಜನ ಇದ್ದಾರೆ, ನಮಗೇ ಗೊತ್ತಲ್ವಾ?

ಇರಾನಿನವರು ದೀನ್‌ಗಾಗಿ ನುಡಿಯನ್ನು ಬಿಡಲಿಲ್ಲ, ನುಡಿಗಾಗಿ ದೀನನ್ನೂ ಬಿಡಲಿಲ್ಲ. ಅರಬಿ ಕಲಿತರು, ಅದಕ್ಕೆ ವ್ಯಾಕರಣ ಬರೆದುಕೊಟ್ಟರು, ಮನೆಗೆ ಬಂದು ಫಾರ್ಸಿ ಆಡಿದರು. ನಮ್ಮ ಮಕ್ಕಳೂ ತಜ್ವೀದ್ ಕಲಿಯಲಿ, ಕನ್ನಡ ಇಂಗ್ಲಿಷ್ ಓದಲಿ. ‘ನಿಸ್ಕಾರ ಆಯ್ತಾ’ ಅಂತ ಅಜ್ಜಿ ಕೇಳಿದಾಗ ಉತ್ತರ ಮಾತ್ರ ಬ್ಯಾರಿಯಲ್ಲೇ ಬರಲಿ.

ಶಾಲೆಗೆ ರಜೆ ಇರುವ ಒಂದು ದಿನ ಮನೆಮಂದಿ ಒಟ್ಟಿಗೆ ‘ಚಿಲ್ಡ್ರನ್ ಆಫ್ ಹೆವನ್’ ನೋಡಿ. ಮಾತು ಫಾರ್ಸಿಯಾದರೂ ಕಥೆ ತಿಳಿಯಲು ಕಷ್ಟವಾಗದು. ಮುಗಿದ ಮೇಲೆ ಆ ಸಕ್ಕರೆಯ ದೃಶ್ಯವನ್ನು ಮಕ್ಕಳಿಂದಲೇ ಹೇಳಿಸಿ, ಬ್ಯಾರಿಯಲ್ಲಿ. ಎಲ್ಲಿ ಶಬ್ದ ಸಿಗದೆ ತಡವರಿಸುತ್ತಾರೋ ಅಲ್ಲಿ ಮನೆಯ ಹಿರಿಯರು ಕೈಜೋಡಿಸಲಿ.