ಹಬ್ ಹೊಂದಿಸುವ ಕೆಲಸ

ಗಿರಾಕಿ ಕೇಳುವುದು ಕಂಪನಿಯ ಹೆಸರು, ರೇಟು. ಪಳಗಿದ ಮಿಸ್ತ್ರಿ ಎರಡಕ್ಕೂ ತಕ್ಷಣ ಉತ್ತರ ಕೊಡುವುದಿಲ್ಲ. ಚಕ್ರವನ್ನು ತೊಡೆಯ ಮೇಲಿಟ್ಟುಕೊಂಡು, ವಾಲ್ವಿನಿಂದ ಶುರುಮಾಡಿ ಕಡ್ಡಿ ಎಣಿಸತೊಡಗುತ್ತಾನೆ. ಮುಂಬಯಿಯಲ್ಲಿ ಸ್ಟೇಷನ್ನಿನ ಹೊರಗಿನ ಫುಟ್‌ಪಾತಿನಲ್ಲೋ ಚಾಳಿನ ಮೂಲೆಯಲ್ಲೋ ಒಂದು ಪಂಪು, ನಾಲ್ಕು ಪಾನಾ, ಗ್ರೀಸ್ ಡಬ್ಬಿ ಇಟ್ಟುಕೊಂಡು ಕೂತವರಲ್ಲಿ ಇಂಥವರು ಇದ್ದಾರೆ. ಹಬ್ ಬದಲಿಸುವುದೆಂದರೆ ಹಾಳಾದದ್ದನ್ನು ಬಿಚ್ಚಿ ಹೊಸದನ್ನು ತೂರಿಸುವುದಲ್ಲವೆಂದು ಅವರಿಗೆ ಗೊತ್ತು. ಚಕ್ರದ ನಡುವಿನ ಆ ಪುಟ್ಟ ಉರುಳೆ ರಿಮ್ಮಿಗೂ ಒಪ್ಪಬೇಕು, ಫ್ರೇಮಿಗೂ ಒಪ್ಪಬೇಕು, ಚೈನಿಗೂ ಬ್ರೇಕಿಗೂ ಒಪ್ಪಬೇಕು.

ಎಣಿಕೆಯಿಂದಲೇ ಅರ್ಧ ವಿಷಯ ತಿಳಿದುಬಿಡುತ್ತದೆ. ಮನೆಮನೆಗೆ ಪಾವ್ ತರುವವನ, ಹಾಲಿನ ಕ್ಯಾನ್ ಹೊರುವವನ, ಡಬ್ಬಾವಾಲಾನ ಕಪ್ಪು ಸೈಕಲ್ಲಿನಲ್ಲಿ ಮುಂದಿನ ಚಕ್ರಕ್ಕೆ 32 ಕಡ್ಡಿ, ಹಿಂದಿನದಕ್ಕೆ 40. ಇದು ಬ್ರಿಟಿಷರ ಕಾಲದ ಲೆಕ್ಕ. ಭಾರವೆಲ್ಲ ಕ್ಯಾರಿಯರಿನ ಮೇಲೆ ಬೀಳುವುದರಿಂದ ಹಿಂದಕ್ಕೆ ಹೆಚ್ಚು ಕಡ್ಡಿ. ಹುಡುಗರ ದಪ್ಪ ಟೈರಿನ ಸೈಕಲ್ಲುಗಳಲ್ಲಿ ಹೆಚ್ಚಾಗಿ ಎರಡೂ ಕಡೆ 36, ಗೇರಿನ ಹೊಸ ಸೈಕಲ್ಲುಗಳಲ್ಲಿ 32 ಅಥವಾ ಇನ್ನೂ ಕಡಿಮೆ. ರಿಮ್ಮಿನಲ್ಲಿ 40 ತೂತಿದ್ದರೆ ಹಬ್ಬೂ 40ರದ್ದೇ ಆಗಬೇಕು, ಇಲ್ಲಿ ರಾಜಿಯಿಲ್ಲ.

ಈ ಹಳೆಯ ಲೆಕ್ಕ ಉಳಿದುಬಂದದ್ದು ನಮ್ಮ ಪುಣ್ಯ. ಒಂದು ಕಾಲಕ್ಕೆ ಸೈಕಲ್ಲು ಈ ಊರಿನಲ್ಲೇ ತಯಾರಾಗುತ್ತಿತ್ತು. ವರ್ಲಿಯ ಹಿಂದ್ ಸೈಕಲ್ಸ್ ಸೊರಗಿ, 1980ರಲ್ಲಿ ಸೆನ್-ರ‍್ಯಾಲೆ ಎಂಬ ಇನ್ನೊಂದು ಸೈಕಲ್ ಕಂಪನಿಯ ಜೊತೆಗೆ ರಾಷ್ಟ್ರೀಕರಣವಾಗಿ, ಕೊನೆಗೆ ಇಲ್ಲವಾಯಿತು. ಅಟ್ಲಾಸ್ ಕಂಪನಿ ಸಾಹಿಬಾಬಾದಿನ ಕಾರ್ಖಾನೆಗೆ ಬೀಗ ಹಾಕಿದ್ದು 2020ರ ಜೂನ್ 3ರಂದು, ಅದೂ ವಿಶ್ವ ಸೈಕಲ್ ದಿನ. ಆದರೂ ಅಂಥ ಸೈಕಲ್ಲುಗಳು ಅನಾಥವಾಗಲಿಲ್ಲ. ಅದೇ ಅಳತೆಯ ಹಬ್, ಕೋನ್, ಎಕ್ಸೆಲ್ ಲುಧಿಯಾನದಿಂದ ಇವತ್ತಿಗೂ ಬರುತ್ತವೆ. ಮೂರು ನಾಲ್ಕು ವರ್ಷಕ್ಕೊಮ್ಮೆ ಅಳತೆ ಬದಲಿಸುವ ದುಬಾರಿ ಸೈಕಲ್ಲುಗಳ ಕಂಪನಿಗಳಿಗೆ ಈ ಬುದ್ಧಿ ಯಾಕೆ ಬರಲಿಲ್ಲವೋ!

ಎರಡನೆಯದು ಅಗಲ. ಚಕ್ರ ತೆಗೆದ ಮೇಲೆ ಎಕ್ಸೆಲ್ ಕೂರುವ ಎರಡು ಸೀಳುಗಳ ನಡುವಿನ ಅಂತರವನ್ನು ಒಳಗಿನಿಂದ ಒಳಗೆ ಅಳೆಯಬೇಕು. ಗೇರಿನ ಸೈಕಲ್ಲುಗಳಲ್ಲಿ ಮುಂದೆ ಸಾಮಾನ್ಯವಾಗಿ 100 ಮಿಲಿಮೀಟರ್. ಹಿಂದೆ ಹಳೆಯ ರೋಡ್ ಸೈಕಲ್ಲಿಗೆ 126, ಆಮೇಲಿನದಕ್ಕೆ 130, ಗುಡ್ಡಗಾಡಿನ ಮಾದರಿಗೆ 135. ಒಂಟಿ ಗೇರಿನ ಕಪ್ಪು ಸೈಕಲ್ಲು ಇವೆಲ್ಲಕ್ಕಿಂತ ಇಕ್ಕಟ್ಟು. ಒಂದೆರಡು ಮಿಲಿಮೀಟರ್ ಕಡಿಮೆ ಬಿದ್ದರೆ ವಾಷರ್ ಹಾಕಿ ಸರಿದೂಗಿಸಬಹುದು. ಉಕ್ಕಿನ ಫ್ರೇಮಾದರೆ 126ರ ಜಾಗವನ್ನು 130ಕ್ಕೆ ಹಿಗ್ಗಿಸುವುದೂ ಉಂಟು. ಅಲ್ಯೂಮಿನಿಯಂ ಫ್ರೇಮಿನಲ್ಲಿ ಆ ಸಾಹಸ ಬೇಡ, ಬಿರುಕು ಬಿಡುತ್ತದೆ. ಎಕ್ಸೆಲ್ಲಿನ ದಪ್ಪವನ್ನೂ ನೋಡಬೇಕು. ಕಪ್ಪು ಸೈಕಲ್ಲಿನ ಹಿಂದಿನ ಎಕ್ಸೆಲ್ ಇಂಚಿನ ಎಂಟರಲ್ಲಿ ಮೂರು ಭಾಗ, ಮುಂದಿನದು ಅದಕ್ಕಿಂತ ಸಣ್ಣ.

ನಟ್ಟಿನ ಬದಲು ಒಂದು ಹಿಡಿಕೆ ತಿರುಗಿಸಿದರೆ ಚಕ್ರ ಕಳಚಿ ಬರುವ ಹಬ್ಬೂ ಈಗ ಸಿಗುತ್ತದೆ. ಪಂಕ್ಚರಾದಾಗ ಬಲು ಅನುಕೂಲ. ಆದರೆ ಕುರ್ಲಾದಲ್ಲೋ ದಾದರಿನಲ್ಲೋ ಸೈಕಲ್ ನಿಲ್ಲಿಸಿ ಲೋಕಲ್ ಹತ್ತುವವರಿಗೆ ನಾನು ಅದನ್ನು ಹೇಳುವುದಿಲ್ಲ. ಕಳ್ಳನಿಗೂ ಅಷ್ಟೇ ಅನುಕೂಲ.

ನನಗೆ ಈ ಕಸುಬಿನಲ್ಲಿ ತುಂಬ ಹಿಡಿಸುವ ಭಾಗ ಹಿಂದಿನ ಹಬ್ಬಿನ ಬಲಗಡೆ. ಸಾದಾ ಹಬ್ಬಿಗೆ ಮರೆ ಕೊರೆದಿರುತ್ತದೆ, ಹಲ್ಲುಚಕ್ರವಿರುವ ಫ್ರೀವೀಲನ್ನು ಅದರ ಮೇಲೆ ತಿರುಗಿಸಿ ಕೂರಿಸುತ್ತಾರೆ. ಆ ಮರೆ ಬಹುಮಟ್ಟಿಗೆ ಎಲ್ಲೆಡೆ ಒಂದೇ ಅಳತೆ, 1.37 ಇಂಚು, ಇಂಚಿಗೆ 24 ಸುತ್ತು. ಹಾಗಾಗಿ ಸವೆಯದ ಹಳೆಯ ಫ್ರೀವೀಲು ಹೊಸ ಹಬ್ಬಿಗೂ ಆಗುತ್ತದೆ. ತೊಡಕು ಬೇರೆ ಕಡೆಯಿದೆ. ಬೇರಿಂಗು ಫ್ರೀವೀಲಿನ ಒಳಬದಿಗೆ ಕೂತಿರುವುದರಿಂದ ಅಲ್ಲಿಂದ ಫ್ರೇಮಿನವರೆಗೆ ಎಕ್ಸೆಲ್ಲಿಗೆ ಆಸರೆಯಿಲ್ಲ. ಒಂದೇ ಹಲ್ಲುಚಕ್ರವಿದ್ದಾಗ ಈ ದೂರ ಅತಿ ಕಡಿಮೆ. ಏಳು ಗೇರಾದಾಗ ಉದ್ದವಾಗುತ್ತದೆ. ಭಾರ ಹೇರಿ ಗುಂಡಿಯಲ್ಲಿ ಇಳಿಸಿದರೆ ಎಕ್ಸೆಲ್ ಬಾಗುವುದು, ಮುರಿಯುವುದು ಅಲ್ಲಿಯೇ. ಶಿಮಾನೊ 1978ರಲ್ಲಿ ತಂದ ಫ್ರೀಹಬ್ ಇದಕ್ಕೆ ಮದ್ದು: ಫ್ರೀವೀಲಿನ ಕೆಲಸವನ್ನು ಹಬ್ಬಿಗೇ ಸೇರಿಸಿ, ಬೇರಿಂಗನ್ನು ಹೊರತುದಿಗೆ ತಳ್ಳಿಬಿಟ್ಟರು. ಗೇರಿನ ಸೈಕಲ್ಲಿಗೆ ಹೊಸ ಹಬ್ ಕೊಳ್ಳುವುದೇ ಆದರೆ ಫ್ರೀಹಬ್ಬನ್ನೇ ಕೊಳ್ಳಬೇಕೆಂದು ನನ್ನ ಮತ. ಹಲ್ಲುಚಕ್ರಗಳ ಕ್ಯಾಸೆಟ್ಟನ್ನೂ ಬದಲಿಸಬೇಕಾಗುತ್ತದೆ, ಖರ್ಚು ಏರುತ್ತದೆ, ನಿಜ. ಮಹಾದೇವ ಹಾವಾಜಿ ಬಚ್ಚೆ 1890ರಲ್ಲಿ ಆರಂಭಿಸಿದ ಊಟದ ಡಬ್ಬಿಗಳ ಸಾಗಣೆಯಲ್ಲಿ ಇವತ್ತು ಓಡುವ ಗೇರಿಲ್ಲದ ಸೈಕಲ್ಲುಗಳಿಗೆ ಈ ರಗಳೆಯೇ ಇಲ್ಲ.

ಡಿಸ್ಕ್ ಬ್ರೇಕ್ ಇದ್ದರೆ ಅದರ ತಟ್ಟೆ ಕೂರುವ ಜಾಗ ಹಬ್ಬಿನಲ್ಲಿರಬೇಕು: ಆರು ಬೋಲ್ಟಿನದೋ, ಸೆಂಟರ್ ಲಾಕಿನದೋ ನೋಡಿಕೊಂಡರೆ ಸಾಕು. ರಿಮ್ಮನ್ನು ಒತ್ತುವ ಬ್ರೇಕಿಗೆ ಹಬ್ಬಿನ ಗೊಡವೆಯಿಲ್ಲ.

ಹಳೆಯ ಕಡ್ಡಿಗಳನ್ನೇ ಬಳಸಬಹುದೇ? ಕಡ್ಡಿಯ ತಲೆ ಸಿಕ್ಕಿಕೊಳ್ಳುವ ತೂತುಗಳ ವೃತ್ತ ಹೊಸ ಹಬ್ಬಿನಲ್ಲಿ ಎಷ್ಟು ದೊಡ್ಡದು ಎಂಬುದರ ಮೇಲಿದೆ ಅದು. 36 ಕಡ್ಡಿಯ, ಪ್ರತಿ ಕಡ್ಡಿಯೂ ಮೂರನ್ನು ದಾಟಿ ಹೋಗುವ ಹೆಣಿಗೆಯಲ್ಲಿ ಆ ವೃತ್ತದ ವ್ಯಾಸ 45ರಿಂದ 58 ಮಿಲಿಮೀಟರಿಗೆ ಏರಿದರೆ ಕಡ್ಡಿ ಸುಮಾರು 3 ಮಿಲಿಮೀಟರ್ ಗಿಡ್ಡವಾಗಬೇಕು. ನಿಪ್ಪಲ್ ಅಷ್ಟನ್ನು ನುಂಗುವುದಿಲ್ಲ. ಉಳಿದ ತುದಿ ರಿಮ್ಮಿನೊಳಗೆ ಮೇಲೆದ್ದು ಟ್ಯೂಬನ್ನು ಚುಚ್ಚುತ್ತದೆ. ಮೂಲಹಬ್ಬಿನ ಅಳತೆಗೇ ಹತ್ತಿರದ್ದನ್ನು ಮಿಸ್ತ್ರಿ ಹುಡುಕುವುದು ಇದಕ್ಕೇ.

ಇಷ್ಟೆಲ್ಲ ಮಾಡುವ ಮೊದಲು ಹಬ್ ನಿಜವಾಗಿ ಸತ್ತಿದೆಯೇ ಎಂದು ನೋಡುವವನೇ ಪ್ರಾಮಾಣಿಕ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮುಂಬಯಿಯ ರಸ್ತೆನೀರು ಹಬ್ಬಿನೊಳಗೆ ನುಗ್ಗಿ ಗ್ರೀಸನ್ನು ತೊಳೆಯುತ್ತದೆ, ಗುಂಡುಗಳಿಗೆ ತುಕ್ಕು ಹಿಡಿಯುತ್ತದೆ, ಗುಂಡುಗಳನ್ನು ಒತ್ತಿಹಿಡಿಯುವ ಕೋನಿನ ಮೇಲೆ ಸಣ್ಣ ಸಣ್ಣ ಕುಳಿ ಬೀಳುತ್ತವೆ. ಕುಳಿ ಕೋನಿನಲ್ಲಿ ಮಾತ್ರ ಇದ್ದರೆ ಕೋನು, ಗುಂಡು ಬದಲಿಸಿದರೆ ಮುಗಿಯಿತು. ಹಬ್ಬಿನೊಳಗಿನ ಬಟ್ಟಲೂ ಸವೆದಿದ್ದರೆ ಮಾತ್ರ ಹೊಸದು. ಹೊಸದರಲ್ಲೂ ಬಿಡಿಗುಂಡಿನದೋ, ಮುಚ್ಚಿದ ಬೇರಿಂಗಿನದೋ ಎಂಬ ಆಯ್ಕೆಯಿದೆ. ಮಳೆಗೆ ಮುಚ್ಚಿದ್ದು ಹೆಚ್ಚು ತಡೆಯುತ್ತದೆ, ಆದರೆ ಅದನ್ನು ಹೊರಗೆಳೆಯುವ ಸಾಧನ ಫುಟ್‌ಪಾತಿನವನ ಬಳಿ ಇರುವುದು ಅಪರೂಪ. ಬಿಡಿಗುಂಡಿನದಕ್ಕೆ ಎರಡು ತೆಳು ಪಾನಾ ಸಾಕು. ದಿನನಿತ್ಯದ ಸವಾರಿಗೆ ನಾನು ಬಿಡಿಗುಂಡಿನ ಪಕ್ಷ. ಮಳೆಗಾಲ ಮುಗಿದೊಡನೆ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಗ್ರೀಸ್ ತುಂಬಿಸಬೇಕು.

ಕೋನನ್ನು ಬಿಗಿಮಾಡುವುದು ಪೂರ್ತಿ ಬೆರಳಿನ ಲೆಕ್ಕ. ಬಿಗಿ ಹೆಚ್ಚಾದರೆ ಗುಂಡು ಅರೆಯುತ್ತದೆ, ಸಡಿಲವಾದರೆ ಚಕ್ರ ಆಚೀಚೆ ಅಲುಗುತ್ತದೆ. ಲಾಕ್‌ನಟ್ ಬಿಗಿದಾಗ ಕೋನು ಇನ್ನಷ್ಟು ಒತ್ತಿಕೊಳ್ಳುತ್ತದೆಂದು ತಿಳಿದವನು ಮೊದಲೇ ಒಂದು ಕೂದಲಷ್ಟು ಸಡಿಲ ಬಿಟ್ಟಿರುತ್ತಾನೆ. ಆಮೇಲೆ ಚಕ್ರವನ್ನು ನೆಲದಿಂದೆತ್ತಿ ಸುಮ್ಮನೆ ಬಿಡುತ್ತಾನೆ. ವಾಲ್ವಿನ ಭಾರಕ್ಕೇ ಅದು ತಾನಾಗಿ ಇಳಿದು, ಆ ಕಡೆ ಈ ಕಡೆ ತೂಗಿ, ನಿಧಾನಕ್ಕೆ ನಿಲ್ಲಬೇಕು. ಒಂದೇ ಸಲಕ್ಕೆ ನಿಂತರೆ ಮತ್ತೆ ಪಾನಾ ಕೈಗೆ. ಹೊಸದಾಗಿ ಹೆಣೆದ ಕಡ್ಡಿಗಳು ಓಡಾಟದಲ್ಲಿ ಕೂತುಕೊಂಡು ಸ್ವಲ್ಪ ಸಡಿಲವಾಗುತ್ತವೆ; ಅದಕ್ಕೇ ವಾರದ ಮೇಲೆ ಇನ್ನೊಮ್ಮೆ ತಂದು ಬೆಂಡ್ ತೆಗೆಸಿಕೊಂಡು ಹೋಗಲು ಹೇಳಿ ಕಳಿಸುತ್ತಾನೆ.