ಯಂತ್ರದ ಕನಿಕರಕ್ಕೆ ಮೊದಲು ಕಿವಿ ಬೇಕು
ಎದುರಿನವರ ಭಾವ ಅರಿತು ಉತ್ತರಿಸುವ ಯಂತ್ರಗಳಿಗಾಗಿ ವೃತ್ತಿಜೀವನದ ದೊಡ್ಡ ಪಾಲನ್ನು ಮೀಸಲಿಟ್ಟವರು ಹಾಂಗ್‌ಕಾಂಗ್‌ನ ಕಂಪ್ಯೂಟರ್ ವಿಜ್ಞಾನಿ ಪಾಸ್ಕಲ್ ಫಂಗ್. ದನಿಯ ಏರಿಳಿತ, ಪದಗಳ ಆಯ್ಕೆ, ಮುಖಭಾವ ನೋಡಿ ಮಾತಾಡುವವರ ಮನಃಸ್ಥಿತಿ ಊಹಿಸಲು ಯಂತ್ರಕ್ಕೆ ಕಲಿಸುವ ಕೆಲಸವದು. ಕಡೂರು, ತರೀಕೆರೆ, ಅಜ್ಜಂಪುರದ ಅಡಿಕೆ, ತೆಂಗು ಬೆಳೆಗಾರರಿಗೂ ಇದು ಸಂಬಂಧಿಸಿದ್ದೇ. ತೋಟ ಒಣಗಿದ ರೈತ ಸಹಾಯವಾಣಿಗೆ ಫೋನ್ ಮಾಡಿ ‘ಬೋರು ಬತ್ತಿ ಹೋಗೈತೆ’ ಎಂದರೆ ಕರೆ ಸ್ವೀಕರಿಸುವ ಯಂತ್ರ ಮೊದಲು ಅದನ್ನು ಸರಿಯಾಗಿ ಕೇಳಿಸಿಕೊಳ್ಳಬೇಕು. ಬರೀ ಪುಸ್ತಕದ ಕನ್ನಡ ಕಲಿತದ್ದು ಅಲ್ಲೇ ಎಡವೀತು. ಭಾಷೆ ತಿಳಿಯದೆ ಸಹಾನುಭೂತಿ ಇಲ್ಲ ಎನ್ನುವುದು ಇದಕ್ಕೇ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಿಂದ ನಮ್ಮ ಬರಹ ಕಂಪ್ಯೂಟರಿಗೆ ಸಲೀಸಾಗಿ ಹೋಯಿತು. ಆಡುಮಾತಿನ ದಾರಿ ಇನ್ನೂ ಉದ್ದವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ವಾಣಿ’ ಯೋಜನೆ ಜಿಲ್ಲೆ ಜಿಲ್ಲೆಯ ಮಾತನ್ನು ಧ್ವನಿಮುದ್ರಿಸಲು ಹೊರಟಿರುವುದು ಆ ದಾರಿಯಲ್ಲೇ.

ಹೃದಯವಿಲ್ಲದ ಯಂತ್ರ ಕನಿಕರ ನಟಿಸುವುದು ಮೋಸವಲ್ಲವೇ? ಆಕ್ಷೇಪ ತೂಕದ್ದೇ. 1966ರಲ್ಲಿ ಜೋಸೆಫ್ ವೈಜೆನ್‌ಬಾಮ್ ಪ್ರಕಟಿಸಿದ ‘ಎಲಿಜಾ’ ಎಂಬ ಮಾತುಕತೆಯ ಕಂಪ್ಯೂಟರ್ ಪ್ರೋಗ್ರಾಂ ಎದುರಿನವರು ಹೇಳಿದ ಮಾತನ್ನೇ ಪ್ರಶ್ನೆಯಾಗಿ ತಿರುಗಿಸುತ್ತಿತ್ತು. ಆದರೂ ಜನ ಅದರೆದುರು ಮನಬಿಚ್ಚಿದ್ದು ಕಂಡು ವೈಜೆನ್‌ಬಾಮ್ ಅವರೇ ಗಾಬರಿಗೊಂಡರು. ಹಾಗಾಗಿ ತಾನು ಯಂತ್ರವೆಂಬುದನ್ನು ಮುಚ್ಚಿಡುವ ಯಂತ್ರ ಸಲ್ಲದು. ಆದರೆ ದನಿಯಲ್ಲಿನ ದುಗುಡ ಗುರುತಿಸಿ ಕರೆಯನ್ನು ಕೂಡಲೇ ಮನುಷ್ಯರಿಗೆ ದಾಟಿಸುವ ಯಂತ್ರ ಯಾರನ್ನೂ ವಂಚಿಸುವುದಿಲ್ಲ. ಸಂಕಟದಲ್ಲಿರುವ ರೈತನ ಸರದಿಯನ್ನು ಮುಂದಕ್ಕೆ ತರುತ್ತದೆ.